ವಾಸ್ತು ಆಮೇಲೆ, ವಾಟ ಮೊದಲು

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಕಾಲು ತೊಳೆಯುವುದಿಲ್ಲ. ಹಾಗೆ ನೋಡಿದರೆ ಅವರಷ್ಟು ಶುಚಿಯ ಮನುಷ್ಯ ಇಡೀ ಅಜ್ಜಂಪುರದಲ್ಲಿಲ್ಲ! ಕಾಲಿಗೆಂದು ಕೊಟ್ಟ ಚೊಂಬಿನ ನೀರನ್ನು ಅಂಗಳಕ್ಕೆ ಸುರಿದು, ಅದು ಯಾವ ಕಡೆ ಹರಿಯುತ್ತದೆಂದು ನೋಡುತ್ತ ನಿಲ್ಲುತ್ತಾರೆ. ಚರಂಡಿಗೆ ಹೋದರೆ ಒಳಗೆ ಬಂದು ಕಾಫಿ ಕುಡಿಯುತ್ತಾರೆ. ನೀರು ಅಲ್ಲೇ ನಿಂತರೆ, ಮನೆಯವರಿಗೆ ಸೊಳ್ಳೆಪುರಾಣ. ಗಾರೆಯವರು ಇಳಿಜಾರಿಗೆ ವಾಟ ಎನ್ನುತ್ತಾರಲ್ಲ, ಆ ಎರಡಕ್ಷರವೇ ಮಾವನ ವೇದ.

ಶಿವನಿಯಲ್ಲಿ ನೆಂಟರ ಗೃಹಪ್ರವೇಶ. ಪೂಜೆಗೆ ಬಂದ ಅಯ್ಯನವರು ಮನೆಯ ವಾಸ್ತುವನ್ನು ಹೊಗಳುತ್ತಿದ್ದಾಗ ಬಚ್ಚಲಿನಿಂದ ಮಾವನ ದನಿ ಬಂತು: “ಅಯ್ನೋರೇ, ವಾಸ್ತು ಆಮೇಲೆ ನೋಡಾನ. ಬಚ್ಚಲ ನೀರು ದೇವ್ರ ಮನೆ ಕಡೆ ಬತ್ತಾ ಐತೆ, ಪೂಜೆ ಬೇಗ ಮುಗಿಸ್ರಿ.”

ಊರು ತಾಲ್ಲೂಕಾದ ಮೇಲೆ ಅವರಿಗೆ ಬಿಡುವೇ ಇಲ್ಲ. ಪ್ರತಿ ಸಲ ಕಾಂಕ್ರೀಟು ಬಿದ್ದಾಗಲೂ ರಸ್ತೆ ಏರುತ್ತದೆ, ಮನೆಗಳು ತಗ್ಗಿಗೆ ಬೀಳುತ್ತವೆ. “ಊರು ಬೆಳೀತಾ ಐತೆ ಅಂತೀರಿ, ಸೊಳ್ಳೆನೂ ಬೆಳೀತಾವೆ ಕಣ್ರೀ” ಎಂದು ರಸ್ತೆ ಮಾಡಿಸುತ್ತಿದ್ದ ಎಂಜಿನಿಯರರ ಬೂಟಿನ ಮೇಲೆಯೇ ಚೊಂಬು ಬಗ್ಗಿಸಿದರಂತೆ. ಪಕ್ಕಕ್ಕೆ ಬಗ್ಗಿಸಿದರು ಎನ್ನುವವರೂ ಇದ್ದಾರೆ. ನನಗೆ ಬೂಟಿನ ಕಥೆಯೇ ಇಷ್ಟ, ಅದಕ್ಕೇ ನಂಬುವುದಿಲ್ಲ.

ಡೆಂಗಿಯಲ್ಲಿ ಅತ್ತೆ ತೀರಿಕೊಂಡ ಮೇಲೆ ಹೀಗಾದರು ಎನ್ನುತ್ತಾರೆ ನೆಂಟರು. ಅಷ್ಟು ಸಲೀಸೇ? “ಹೋದ್ಕಡೆಯೆಲ್ಲ ನೀರು ಚೆಲ್ತೀರಲ್ಲ, ನನ್ ಮಾನ ಹೋಗ್ತೈತೆ” ಎಂದು ಅತ್ತೆಯೇ ಬೈಯುತ್ತಿದ್ದುದು ನನಗೆ ನೆನಪಿದೆ.

ಹೋದ ತಿಂಗಳು ತಂಗಿಗೆ ಗಂಡಿನ ಮನೆ ನೋಡಲು ಕಡೂರಿಗೆ ಹೋದೆವು. ಕೆರೆಯಂಗಳದಲ್ಲಿ ಎದ್ದ ಹೊಸ ಲೇಔಟು. ಹುಡುಗನನ್ನು ತಂಗಿ ಆಗಲೇ ಮೆಚ್ಚಿಬಿಟ್ಟಿದ್ದಳು. “ಅಲ್ಲಾದ್ರೂ ಕಾಲು ತೊಳ್ಕಳಿ ಮಾವ” ಎಂದು ಹೊರಡುವಾಗ ಬೇಡಿಕೊಂಡಿದ್ದಳು.

ಮಾವ ಚೊಂಬು ಸುರಿದರು. ನೀರು ಮಣ್ಣಿನ ಅಂಗಳದಲ್ಲಿ ಒಂದು ಮಾರು ಹೋಗಿ, ಯೋಚಿಸಿ, ಹೊಸ್ತಿಲಿಗೇ ವಾಪಸು ಬಂತು.

“ಹುಡ್ಗ ಒಪ್ಗೆ. ಅಂಗಳ ಒಪ್ಗೆ ಇಲ್ಲ” ಎಂದರು ಮಾವ.

ಹುಡುಗನ ತಾಯಿ ನಕ್ಕರು. “ಏನ್ ಬೀಗರೇ, ಹೆಣ್ಣು ಕೊಡೋದು ಹುಡ್ಗಂಗೋ ಅಂಗಳಕ್ಕೋ? ಮಳೆಗಾಲ ಕಳೀಲಿ, ಮಾಡಿಸಾನ ಬನ್ನಿ.”

ಮಾವ ನಗಲಿಲ್ಲ. “ನಾನೂ ಹಂಗೇ ಅಂದಿದ್ದೆ ಕಣಮ್ಮ. ಊರೋರ ಅಂಗಳಕ್ಕೆಲ್ಲ ವಾಟ ನೋಡ್ದೆ. ನಮ್ಮನೇದು ಮಳೆಗಾಲ ಕಳೀಲಿ ಅಂದೆ. ಕಳಿಯೋ ಹೊತ್ಗೆ ಅವ್ಳೇ ಇರ್ಲಿಲ್ಲ.”

ಹುಡುಗ ಎದ್ದು ಹಿತ್ತಲಿನಿಂದ ಗುದ್ದಲಿ ತಂದ. ಮಾವ ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಅವನು ಕೆತ್ತಿದ. ಆಮೇಲೆ ಇನ್ನೊಂದು ಚೊಂಬು ತರಿಸಿ ಸುರಿದರು. ನೀರು ಎಲ್ಲೂ ನಿಲ್ಲದೆ ಚರಂಡಿಗೆ ಇಳಿಯಿತು.

ಚೊಂಬಿನಲ್ಲಿ ಉಳಿದದ್ದರಲ್ಲಿ ಮಾವ ಕಾಲು ತೊಳೆದುಕೊಂಡು ಒಳಗೆ ಬಂದರು.