ಮಾವನವರು ಅಡ್ಡಾಡಲು ಹೊರಟರೆ

ನನ್ನ ಮಾವನವರು ಸುಳ್ಳು ಹೇಳುವವರಲ್ಲ. ಆದರೆ ಅವರ ಮಾತು ನಂಬಿ ಮನೆಯಿಂದ ಹೊರಬಿದ್ದವರು ಹೊತ್ತಿಗೆ ಸರಿಯಾಗಿ ಹಿಂತಿರುಗಿದ್ದನ್ನು ಹೊಸದುರ್ಗದಲ್ಲಿ ಯಾರೂ ಕಂಡಿಲ್ಲ!

ಇದು ನನಗೆ ತಿಳಿದದ್ದು ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ತವರಿಗೆ ಹೋದಾಗ. ನಮ್ಮದು ನಾವೇ ಮೆಚ್ಚಿ ಮಾಡಿಕೊಂಡ ಮದುವೆ. ಮಾವನವರು ಧಾರೆಯೇನೋ ಎರೆದಿದ್ದರು, ನನ್ನೊಡನೆ ಮಾತ್ರ ಒಂದು ಮಾತೂ ಆಡಿರಲಿಲ್ಲ. ಹೀಗಿರುವಾಗ ಅವತ್ತು ಮಧ್ಯಾಹ್ನ ಊಟವಾದ ಮೇಲೆ ಬಾಗಿಲಲ್ಲಿ ನಿಂತು, "ಬರ್ರಿ, ಹಂಗೇ ಅಡ್ಡಾಡ್ಕಂಡು ಬರಾಣ" ಎಂದರು. ಬೈಯಲೆಂದೇ ಕರೆಯುತ್ತಿದ್ದಾರೆ ಎಂದುಕೊಂಡೆ. ಅಳಿಯನನ್ನು ಬೈಯಲು ಮನೆಗಿಂತ ಬೀದಿಯ ತಿರುವೇ ಅನುಕೂಲವಲ್ಲವೇ?

ನಮ್ಮ ಮೈಸೂರಿನಲ್ಲಿ ಅಡ್ಡಾಡುವುದೆಂದರೆ ಉಂಡದ್ದು ಕರಗಲು ಬೀದಿಯ ಕೊನೆಯವರೆಗೆ ನಡೆಯುವುದು. ಹಾಗಾಗಿ ಲುಂಗಿ, ಹವಾಯಿ ಚಪ್ಪಲಿಯಲ್ಲೇ ಹೊರಟೆ. ಮಾವನವರು ಬೈಕ್ ಸ್ಟಾರ್ಟ್ ಮಾಡಿದರು! ತೆಂಗಿನ ತೋಟಗಳು ಹಿಂದೆ ಸರಿದವು, ಹೊಳಲ್ಕೆರೆ ಬಂತು, ಟೀ ಕುಡಿದೆವು. ಮತ್ತೆ ಬೈಕ್ ಏರಿದಾಗ ಅದರ ಮುಖ ಮನೆಯ ಕಡೆಗಿರಲಿಲ್ಲ. ಇನ್ನೂ ಎಷ್ಟು ದೂರ ಎಂದು ಮೆಲ್ಲಗೆ ಕೇಳಿದೆ.

"ಇಲ್ಲೇ" ಎಂದರು.

ಆ 'ಇಲ್ಲೇ' ಎನ್ನುವುದು ಚಿತ್ರದುರ್ಗವಾಗಿತ್ತು!

ಕೋಟೆಯ ಕೆಳಗಿನ ಪೇಟೆಯಲ್ಲಿ ಅವರು ಬೈಕ್ ನಿಲ್ಲಿಸುತ್ತಿರುವಾಗ ನಾನು ಮರೆಗೆ ಸರಿದು ಅತ್ತೆಗೆ ಫೋನ್ ಮಾಡಿದೆ. ಹೊರಡುವಾಗ ಏನಂದರು ಎಂದು ವಿಚಾರಿಸಿದ ಅತ್ತೆಗೆ ಗಾಬರಿಯೇನೂ ಇರಲಿಲ್ಲ. "ಅಡ್ಡಾಡ್ಕಂಡು ಬರಾಣ ಅಂದ್ರಾ? ಹಂಗಾದ್ರೆ ರಾತ್ರಿ ಊಟಕ್ಕೆ ಬರ್ತೀರ ಬಿಡ್ರಿ. ಒಂದ್ ಸುತ್ತು ಅಂದಿದ್ರೆ ನಾಳೆನೇ."

ಸುತ್ತು ಎಂದರೆ ಹಿರಿಯೂರಿಗೆ ಹೋಗಿ, ಯಾರದೋ ನೆಂಟರ ಮನೆಯಲ್ಲಿ ಮಲಗೆದ್ದು ಬರುವುದಂತೆ. ಹಾಗಾದರೆ ಪ್ರಯಾಣ ಎಂದರೆ ಎಲ್ಲಿಗೆ ಎಂದು ಕೇಳಿದೆ. ಮೂಲೆ ಅಂಗಡಿಯಿಂದ ಕರಿಬೇವು ತನ್ನಿ ಎಂದಾಗ ಮಾವನವರು ಬಳಸುವ ಪದವಂತೆ ಅದು: ಈ ಬಿಸಿಲಲ್ಲಿ ಅಷ್ಟು ದೊಡ್ಡ ಪ್ರಯಾಣ ಯಾರು ಮಾಡುತ್ತಾರೆ!

ಅಲ್ಲೇ ಮಾವನವರ ಬಾಲ್ಯದ ಗೆಳೆಯರೊಬ್ಬರ ಕಿರಾಣಿ ಅಂಗಡಿ. ಅವರು ನನ್ನ ಲುಂಗಿಯನ್ನೂ ಚಪ್ಪಲಿಯನ್ನೂ ನೋಡಿ, ಇವರ್ಯಾರು ಎಂದು ಕೇಳಿದರು. ಬೈಗುಳಕ್ಕೆ ಸಾಕ್ಷಿ ಹೇಳಲು ಒಬ್ಬರು ಸಿಕ್ಕರಲ್ಲ ಎಂದುಕೊಂಡೆ. ಮಾವನವರು ಸ್ಟೂಲು ಎಳೆದು ನನ್ನನ್ನು ಕೂರಿಸಿದರು.

"ನಮ್ ಅಳಿಯ. ಮಗಳು ಮೆಚ್ಚಿದ್ಲು, ನಾನೇ ಬ್ಯಾಡ ಅಂದಿದ್ದೆ. ಬೆಳಗ್ಗಿಂದ ನೋಡ್ತಾ ಇದೀನಿ, ಬ್ಯಾಡ ಅನ್ನೋಂಥದ್ದು ಏನೂ ಕಾಣ್ಲಿಲ್ಲ ಕಣಪ್ಪ. ಅದಕ್ಕೇ ನಿನಗೂ ತೋರ್ಸಾಣ ಅಂತ ಕರ್ಕಂಡು ಬಂದೆ."

ಮದುವೆಯ ದಿನದಿಂದ ಹೆಗಲೇರಿ ಕೂತಿದ್ದ ಭಾರವೆಲ್ಲ ಆ ಸ್ಟೂಲಿನ ಮೇಲೆ ಇಳಿದುಹೋಯಿತು. ಗೆಳೆಯರು ಕೊಟ್ಟ ಬೆಲ್ಲ, ಕೊಬ್ಬರಿಯನ್ನು ಅಳಿಯನ ಗಾಂಭೀರ್ಯ ಮರೆತು ಅಷ್ಟೂ ತಿಂದೆ.

ಹಿಂತಿರುಗುವಾಗ ಹೊತ್ತು ಮುಳುಗಿತ್ತು, ತಣ್ಣನೆ ಗಾಳಿ ಬೀಸುತ್ತಿತ್ತು. ಮಧ್ಯಾಹ್ನ ನನ್ನನ್ನು 'ಬರ್ರಿ' ಎಂದು ಬಹುವಚನದಲ್ಲಿ ಕರೆದಿದ್ದ ಮಾವನವರು ಬೈಕ್ ನಿಧಾನಿಸಿ ಕತ್ತು ತಿರುಗಿಸಿದರು.

"ನಿದ್ದೆ ಬಂದ್ರೆ ನನ್ ಬೆನ್ನಿಗೆ ಒರಗ್ಕಳಪ್ಪ."

ನನಗೆ ನಿದ್ದೆ ಬಂದಿರಲಿಲ್ಲ. ಒರಗಿಕೊಂಡೆ.