ಭಾನುವಾರದ ಅಧ್ಯಕ್ಷೆ

ಸರ್ವಜನ ಮುನ್ನಡೆ ಪಕ್ಷದ ಅರಸೀಕೆರೆ ತಾಲ್ಲೂಕು ಘಟಕದಲ್ಲಿ ಯಾರೂ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿರತಕ್ಕದ್ದಲ್ಲ ಎಂಬ ನಿಯಮವು ಮರಿಯಣ್ಣನವರ ಏಳನೆಯ ಅವಧಿಯಲ್ಲಿ ಸರ್ವಾನುಮತದಿಂದ ಜಾರಿಗೆ ಬಂದಿತು.

ತಂದವರು ಉಪಾಧ್ಯಕ್ಷೆ, ಹಾರನಹಳ್ಳಿಯ ಹೇಮಲತಾ. ಹದಿನಾರು ವರ್ಷ ಅವರು ಪ್ರತಿ ಸಭೆಯಲ್ಲೂ ಸ್ವಾಗತ ಕೋರಿ, ಕೊನೆಗೆ ವಂದನೆ ಹೇಳಿದ್ದರು. ನಡುವಿನ ಮಾತೆಲ್ಲ ಮರಿಯಣ್ಣನವರದು. ಒಂದು ಸಲವಾದರೂ ನಡುವೆ ಮಾತಾಡಬೇಕೆಂಬುದು ಹೇಮಲತಾ ಅವರ ಆಸೆ.

ಮರಿಯಣ್ಣ ಸಿಟ್ಟಾಗಲಿಲ್ಲ. "ಕುರ್ಚಿಗೆ ಅಂಟ್ಕೊಳ್ಳೋರನ್ನ ಕಂಡ್ರೆ ನಂಗೂ ಆಗಲ್ಲ ಕಣಮ್ಮಾ," ಎಂದು ಕಣ್ಣೊರೆಸಿಕೊಂಡರು. ಆಮೇಲೆ ಪಕ್ಷದ ವಕೀಲ ಉಮಾಶಂಕರ್ ಕಡೆ ನೋಡಿದರು. ನಿಯಮವು ಬೇಡವೆಂದಿರುವುದು 'ಸತತ'ವನ್ನು ಮಾತ್ರ, ನಡುವೆ ಒಂದು ದಿನ ಬಿಟ್ಟರೆ ಸಾಕು ಎಂದು ಉಮಾಶಂಕರ್ ಅಭಿಪ್ರಾಯಪಟ್ಟರು.

ಪ್ರಕಟಣೆ ಹೊರಟಿತು: "ಬರುವ ಭಾನುವಾರ ಶ್ರೀಮತಿ ಹೇಮಲತಾ ಅವರು ಅಧ್ಯಕ್ಷರಾಗಿರುತ್ತಾರೆ. ಅಂದು ಕಚೇರಿಗೆ ರಜೆ. ಸೋಮವಾರ ಮರಿಯಣ್ಣನವರ ಮೊದಲನೆಯ ಅವಧಿ ಆರಂಭವಾಗಲಿದ್ದು, ಕಾರ್ಯಕರ್ತರು ಹೊಸ ಮುಖಕ್ಕೆ ಅವಕಾಶ ಕೊಡತಕ್ಕದ್ದು."

ಭಾನುವಾರ ಹೇಮಲತಾ ಸುಮ್ಮನೆ ಕೂತು ಎದ್ದು ಬರೋಣವೆಂದೇ ಹೋದದ್ದು. ಆದರೆ ಅದು ತಿರುಗುವ ಕುರ್ಚಿ. ಒಂದು ಸುತ್ತು ತಿರುಗಿದರು. ಯಾರೂ ನೋಡುತ್ತಿಲ್ಲವೆಂದು ಇನ್ನೂ ಮೂರು ಸುತ್ತು ತಿರುಗಿದರು. ಕಸ ಗುಡಿಸುತ್ತಿದ್ದ ದ್ಯಾವಯ್ಯನನ್ನು ಕೂರಿಸಿ, ನಡುವಿನ ಮಾತನ್ನು ನಲವತ್ತು ನಿಮಿಷ ಆಡಿದರು.

"ಭಾಳ ಚೆನ್ನಾಗೈತೆ ಕಣವ್ವಾ," ಎಂದ ದ್ಯಾವಯ್ಯ. "ನಾಳೀಕೂ ಮಾತಾಡಿ."

ಸಂಜೆ, ದಿನದ ಕೊನೆಗೆ ಅಧ್ಯಕ್ಷರು ಸಹಿ ಹಾಕುವ ದಿನವಹಿ ಪುಸ್ತಕ ಎದುರಿಗೆ ಬಂತು. ಸಿಬ್ಬಂದಿ ತಮಗಿಂತ ಮುಂಚೆ ಮನೆಗೆ ಹೋಗಬಾರದೆಂದು ಮರಿಯಣ್ಣನವರೇ ಹಿಂದೊಮ್ಮೆ ಅದರ ರಟ್ಟಿನ ಮೇಲೆ ನಿಯಮ ಬರೆಸಿದ್ದರು: 'ಅಧ್ಯಕ್ಷರು ಸಹಿ ಹಾಕುವವರೆಗೆ ದಿನ ಮುಗಿಯಿತೆಂದು ಭಾವಿಸತಕ್ಕದ್ದಲ್ಲ.' ಹೇಮಲತಾ ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ಹಾಕಿ ಕೈಚೀಲಕ್ಕೆ ಸೇರಿಸಿದರು.

ಬೆಳಿಗ್ಗೆ ಮರಿಯಣ್ಣ ಬ್ಯಾಂಡ್ ಸಮೇತ ಬಂದರು.

"ಏಳಮ್ಮಾ, ಸೋಮವಾರ ಆಯ್ತು."

"ಎಲ್ಲಾಯ್ತಣ್ಣಾ? ಇನ್ನೂ ಸಹಿ ಬಿದ್ದಿಲ್ಲ."

"ಹೊರಗೆ ಮಕ್ಳು ಸ್ಕೂಲಿಗೆ ಹೋಗ್ತಾ ಅವೆ, ನೋಡು!"

"ಅದು ಊರಿನ ಸೋಮವಾರ. ಪಕ್ಷಕ್ಕೆ ಇನ್ನೂ ಭಾನುವಾರವೇ."

ಉಮಾಶಂಕರ್ ಪಕ್ಷದ ನಿಯಮಾವಳಿಯ ಪುಟ ತಿರುವಿ ಬೆವರಿದರು. ನಿಯಮ ಸರಿಯಾಗಿತ್ತು. ಬದಲಿಸಲು ಸಭೆ ಕರೆಯಬೇಕು. ರಜಾದಿನ ಸಭೆ ಕರೆಯುವಂತಿಲ್ಲ.

"ಯಾವನ್ರೀ ಇದನ್ನ ಬರೆಸಿದ್ದು?" ಎಂದು ಮರಿಯಣ್ಣ ಗುಡುಗಿದರು.

"ತಾವೇ ಸಾರ್."

ಬ್ಯಾಂಡಿನವರು ಯಾರಿಗಾಗಿ ಬಾರಿಸಬೇಕೆಂದು ಕೇಳಿದರು. ಹೇಮಲತಾ ಕೈಯೆತ್ತಿದರು.

ಅಂದಿನಿಂದ ಕಚೇರಿಯಲ್ಲಿ ಭಾನುವಾರ ಮುಂದುವರಿದಿದೆ. ಸಿಬ್ಬಂದಿಗೆ ಪರಮಾನಂದ. ರಸ್ತೆಗಾಗಿ ಅರ್ಜಿ ಹಿಡಿದು ಬರುವ ಕಣಕಟ್ಟೆಯವರಿಗೆ 'ನಾಳೆ ಬನ್ನಿ' ಎನ್ನಲಾಗುತ್ತದೆ. "ಮೊದ್ಲೂ ಹಂಗೇ ಅಂತಿದ್ರು, ಈಗ ಕಾರಣನಾದ್ರೂ ಐತೆ," ಎಂದು ಅವರು ಸಮಾಧಾನದಿಂದ ಬಸ್ಸು ಹತ್ತುತ್ತಾರೆ. ಬೇಲೂರು ಘಟಕ ಅಧ್ಯಯನ ತಂಡ ಕಳಿಸಿ, ಹಿಂದಿರುಗಿದ ಕೂಡಲೇ ಅಲ್ಲೂ ಭಾನುವಾರ ಘೋಷಿಸಿತು. ಹಳೇಬೀಡಿನವರು ಮಾತ್ರ, ತಮಗೆ ಶನಿವಾರವೂ ಬೇಕೆಂದು ಪಟ್ಟು ಹಿಡಿದಿದ್ದಾರೆ.

ಅಧಿಕಾರದ ಅವಧಿಗೆ ಮಿತಿ ಬೇಕೆ ಎಂದು ಯಾರಾದರೂ ಕೇಳಿದರೆ ಹೇಮಲತಾ ಕೆನ್ನೆ ಕೆಂಪೇರಿಸಿಕೊಂಡು, "ಒಂದು ದಿನಕ್ಕಿಂತ ಹೆಚ್ಚು ಕೊಡಲೇಬಾರದು," ಎನ್ನುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಅವಧಿಯ ಅಧ್ಯಕ್ಷರಿಗೆ ಪಕ್ಷ ಕೊಡುವ ಪ್ರಶಸ್ತಿ ಈ ವರ್ಷವೂ, ಮೂರನೆಯ ಬಾರಿಗೆ, ಅವರಿಗೇ ಬಂದಿದೆ.