ಮನ್ನೂಬಿಯಾರ ರೊಟ್ಟಿ ಒಲೆಯ ಮೂಲ ಉದ್ದೇಶದ ಕುರಿತು

ಹಳೆಯ ಸೈನಿಕ ಅವಶೇಷಗಳ ಉದ್ದೇಶ ನಿರ್ಣಯ ವಿಭಾಗ
ದಕ್ಷಿಣ ವಲಯ, ಟುನೀಸಿಯಾ

ಸುತ್ತೋಲೆ ಸಂಖ್ಯೆ: ಸೈ.ಅ./ಉ.ನಿ./ಗುಂಡಿ/17 (ತಿದ್ದಿದ್ದು) (ಮತ್ತೆ ತಿದ್ದಿದ್ದು)
ದಿನಾಂಕ: ಶುಕ್ರವಾರ, 14 ಅಕ್ಟೋಬರ್ 1988

ವಿಷಯ: ಐನ್ ಕರ್ಮಾ ಗ್ರಾಮದ ಆಲಿವ್ ತೋಪಿನಲ್ಲಿರುವ, ಯಾತಕ್ಕೆಂದು ತಿಳಿಯದ ಕಾಂಕ್ರೀಟ್ ಗುಂಡಿ.

ಉಲ್ಲೇಖ: 1) ಎರಡನೆಯ ಮಹಾಯುದ್ಧ.
2) ಶ್ರೀಮತಿ ಮನ್ನೂಬಿಯಾ ಅವರ ಮೌಖಿಕ ದೂರುಗಳು: ಸೋಮವಾರ, ಮಂಗಳವಾರ, ಬುಧವಾರ ಎರಡು ಸಲ.

1. ಸದರಿ ಗುಂಡಿಯು ಎದೆಯಾಳವಿದ್ದು, ಬಾಯಿ ದುಂಡಗಿದೆ. ಶ್ರೀಮತಿ ಮನ್ನೂಬಿಯಾ ಅವರ ಮನೆಯವರು ಅದರ ಒಳಗೋಡೆಗೆ ಜೇಡಿಮಣ್ಣು ಮೆತ್ತಿ, ತಳದಲ್ಲಿ ಬೆಂಕಿ ಹಾಕಿ, ಗೋಡೆಗೆ ರೊಟ್ಟಿ ಬಡಿದು ಸುಡುತ್ತಾ ಬಂದಿದ್ದಾರೆ. ಗುಂಡಿಯು ಸೈನಿಕ ಅವಶೇಷವೆಂದು ಕೆಲವು ತಿಂಗಳ ಹಿಂದೆ ಗುರುತಿಸಲಾಗಿ, ಉದ್ದೇಶ ತಿಳಿಯುವವರೆಗೆ ಬಳಸಕೂಡದೆಂದು ಕಳೆದ ವಾರ ತಗಡು ಮುಚ್ಚಿ ಮುದ್ರೆ ಹಾಕಲಾಗಿದೆ. ನಾಳೆ ಶನಿವಾರ ಆಕೆಯ ಮಗಳ ಮದುವೆ. ನಾಲ್ಕುನೂರು ರೊಟ್ಟಿ ಬೇಕು. ಊರಿನಲ್ಲಿ ಅಷ್ಟು ದೊಡ್ಡ ಒಲೆ ಬೇರೊಂದಿಲ್ಲ. ಈ ಸಂಗತಿಯು ವಿಭಾಗದ ಗಮನಕ್ಕೆ ಬಂದಿದೆ. ಬಾರದೆ ಇರಲು ಆಕೆ ಬಿಟ್ಟಿಲ್ಲ.

2. ಯುದ್ಧದಲ್ಲಿ ಇಲ್ಲಿಗೆ ಬಂದಿದ್ದ ನಾಲ್ಕು ದೇಶಗಳಿಗೂ ಪತ್ರ ಬರೆಯಲಾಗಿತ್ತು. ನಾಲ್ಕೂ ದೇಶಗಳು “ನಮ್ಮದಲ್ಲ” ಎಂದು ಉತ್ತರಿಸಿವೆ. ಒಂದು ದೇಶವು ಒಳ್ಳೆಯ ಕಾಗದದಲ್ಲಿ ಉತ್ತರಿಸಿದೆ.

3. ಸಾರ್ವಜನಿಕರು ತಮ್ಮ ಊಹೆಗಳನ್ನು ಲಿಖಿತವಾಗಿ ಸಲ್ಲಿಸಲು ಈ ಹಿಂದೆಯೇ ಸೂಚಿಸಲಾಗಿತ್ತು. ಆ ಸಂಬಂಧದ ನಿಯಮಗಳು:

(ಅ) ಒಂದು ಮನೆಗೆ ಒಂದೇ ಊಹೆ. ಗಂಡ ಹೆಂಡಿರ ಊಹೆ ಬೇರೆ ಬೇರೆಯಾದಲ್ಲಿ ಅತ್ತೆಯ ಊಹೆಯೇ ಅಂತಿಮ.

(ಆ) ಕಾಫಿ ಅಂಗಡಿಯಲ್ಲಿ ಮಾಡಿದ ಊಹೆಗಳು ಲೋಟ ಖಾಲಿಯಾದೊಡನೆ ರದ್ದಾಗತಕ್ಕದ್ದು.

(ಇ) ಬಂಗಾರ ಹೂತಿಟ್ಟ ಜಾಗವೆಂದು ಊಹಿಸುವವರು ಊಹೆಯ ಜೊತೆಗೆ ತಮ್ಮ ಗುದ್ದಲಿಯನ್ನೂ ಕಚೇರಿಗೆ ಒಪ್ಪಿಸತಕ್ಕದ್ದು. (ಈವರೆಗೆ ಬಂದಿರುವ ಗುದ್ದಲಿಗಳು: ಹನ್ನೊಂದು.)

(ಈ) ‘ಸೇನಾಪತಿಯ ಬಚ್ಚಲು’ ಎಂಬ ಊಹೆಯನ್ನು ಇನ್ನು ಮುಂದೆ ಸ್ವೀಕರಿಸಲಾಗುವುದಿಲ್ಲ. ಸಾಕಷ್ಟು ಬಂದಿವೆ.

4. ಊಹೆಗಳಿಂದ ತೀರ್ಮಾನವಾಗದಿದ್ದಲ್ಲಿ ಸಿಬ್ಬಂದಿಯೊಬ್ಬರು ಅವಶೇಷದೊಳಕ್ಕೆ ಖುದ್ದಾಗಿ ಇಳಿಯತಕ್ಕದ್ದು. ಇಳಿಯುವವರ ಸೊಂಟದ ಅಳತೆಯನ್ನು ಊಟಕ್ಕೆ ಮೊದಲಲ್ಲ, ಊಟದ ನಂತರ ತೆಗೆದುಕೊಳ್ಳತಕ್ಕದ್ದು. (ಈ ವಾಕ್ಯವನ್ನು ನಿನ್ನೆ ಗುರುವಾರದ ಘಟನೆಯ ನಂತರ ಸೇರಿಸಲಾಗಿದೆ.)

5. ಗುರುವಾರ ಮಧ್ಯಾಹ್ನ, ಶ್ರೀಮತಿ ಮನ್ನೂಬಿಯಾ ಅವರ ಮನೆಯಲ್ಲಿ ಮೂರು ಸಲ ಬಡಿಸಿದ ಕುಸ್ಕುಸ್ ಮುಗಿಸಿ, ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಮುದ್ರೆ ತೆಗೆಸಿ ಗುಂಡಿಗೆ ಇಳಿದರು. ಇಳಿಯಲು ಸಾಧ್ಯವಾಯಿತು. ಹತ್ತಲು ಸಾಧ್ಯವಾಗಲಿಲ್ಲ. ಆಗ ನಡೆದ ಮಾತನ್ನು ಗುಮಾಸ್ತರು ಇದ್ದಂತೆಯೇ ದಾಖಲಿಸಿದ್ದಾರೆ:

ಮನ್ನೂಬಿಯಾ: “ಉಸಿರು ಬಿಡಪ್ಪಾ ಸಾಹೇಬ! ಬಿಡು ಅಂದ್ರೆ ಹಿಡ್ಕೊಂಡು ನಿಂತಿದೀಯಲ್ಲ!”

ಅಧಿಕಾರಿ: “ಎಳೀಬೇಡಿ ಅಮ್ಮಾ, ಅದು ಕಿವಿ!”

ನೆರೆಮನೆಯ ಹಾಜಿ ಬಶೀರ್: “ಒಂಚೂರು ಬೆಂಕಿ ಹಾಕಿ. ತಾವಾಗೇ ಮೇಲೆ ಬರ್ತಾರೆ.”

ಹಾಜಿಯವರ ಸಲಹೆಯನ್ನು ಪರಿಶೀಲಿಸಿ ತಿರಸ್ಕರಿಸಲಾಯಿತು. ಆಲಿವ್ ಎಣ್ಣೆ ತರಿಸಲಾಯಿತು.

6. ಎಣ್ಣೆ ಬರಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಅಧಿಕಾರಿಯ ತಲೆ, ಎರಡು ಮೊಳಕೈಗಳು ಮಾತ್ರ ನೆಲದ ಮೇಲಿದ್ದವು. ಮೊಳಕೈ ಊರಲು ಅಂಚು ಸರಿಯಾದ ಎತ್ತರದಲ್ಲಿತ್ತು. ಎದುರಿಗೆ ದಕ್ಷಿಣದ ರಸ್ತೆ, ಹಳ್ಳದ ತಿರುವಿನವರೆಗೆ ಒಂದು ಪೊದೆಯೂ ಅಡ್ಡವಿಲ್ಲದೆ ಕಾಣುತ್ತಿತ್ತು. ಒಬ್ಬ ಸಿಪಾಯಿ ಬಂದೂಕು ಇಟ್ಟುಕೊಂಡು ರಸ್ತೆ ಕಾಯಲು ಕಟ್ಟಿದ ಗುಂಡಿ ಇದೆಂದು ಹೀಗೆ ಸಂಶಯಾತೀತವಾಗಿ ನಿರ್ಣಯಿಸಲಾಯಿತು. ಯುದ್ಧಕ್ಕೆಂದು ಕಟ್ಟಿದ್ದನ್ನು ಬೇಲಿ ಹಾಕಿ ಕಾಪಾಡಬೇಕೆಂಬುದು ನಿಯಮ. ಈ ನಿಯಮವನ್ನು ಅಧಿಕಾರಿಯು ಗುಂಡಿಯೊಳಗಿನಿಂದಲೇ ಆಕೆಗೆ ಓದಿ ಹೇಳಿದರು. ಆಕೆಯ ಉತ್ತರ:

“ಇಷ್ಟೇನಾ? ಇದು ನಂಗೊತ್ತಿಲ್ವಾ? ಇಲ್ಲೊಬ್ಬ ಸಿಪಾಯಿ ನಿಂತಿರ್ತಿದ್ದ ಅಂತ ನಮ್ಮಮ್ಮ ಹೇಳ್ತಿದ್ಲು. ಬಂದೂಕು ರಸ್ತೆ ಕಡೆ, ಮೂಗು ನಮ್ಮನೆ ಒಲೆ ಕಡೆ. ನೋಡೋಕಾಗದೆ ದಿನಾ ಒಂದು ರೊಟ್ಟಿ ಅಂಚಿನ ಮೇಲಿಟ್ಟು ಬರ್ತಿದ್ಲು. ಒಂದಿನ ಹೋದ್ರೆ ಅವನೂ ಇಲ್ಲ, ಬಂದೂಕೂ ಇಲ್ಲ. ಖಾಲಿ ಯಾಕೆ ಬಿಡೋದು ಅಂತ ಮಣ್ಣು ಮೆತ್ತಿದ್ಲು.”

ಅಧಿಕಾರಿ: “ಇದನ್ನ ಮೊದಲೇ ಹೇಳ್ಬಾರ್ದಿತ್ತೇನಮ್ಮಾ?”

ಮನ್ನೂಬಿಯಾ: “ನೀವು ಕೇಳಿದ್ದೆಲ್ಲ ಗುಂಡಿ ಬಗ್ಗೆ. ಅದರೊಳಗೆ ನಿಂತವನ ಬಗ್ಗೆ ಯಾರು ಕೇಳಿದ್ರಿ?”

7. ಮೇಲ್ಕಂಡ ಪ್ರಶ್ನೆಯನ್ನು ಕಡತಕ್ಕೆ ಸೇರಿಸಿ ಪರಿಶೀಲಿಸಲಾಗಿದೆ. ಆದ್ದರಿಂದ ಆದೇಶಿಸುವುದೇನೆಂದರೆ: ಗುಂಡಿ ಕಟ್ಟಿಸಿದವರ ಉದ್ದೇಶ, ಬಂದೂಕು. ಗುಂಡಿಯಲ್ಲಿ ನಿಂತವನ ಉದ್ದೇಶ, ರೊಟ್ಟಿ. ಎರಡರಲ್ಲಿ ಯಾವುದನ್ನು ಕಾಪಾಡಬೇಕೆಂದು ನಿಯಮದಲ್ಲಿ ಬರೆದಿಲ್ಲವಾಗಿ, ಎರಡನೆಯದನ್ನು ಕಾಪಾಡತಕ್ಕದ್ದು. ನಿನ್ನೆ ಮತ್ತೆ ಮುಚ್ಚಿದ ತಗಡನ್ನು ಇಂದೇ ತೆಗೆದು, ಒಲೆ ಹೊತ್ತಿಸಲು ಅನುಮತಿ ನೀಡಲಾಗಿದೆ. ಹೊತ್ತಿಸುವ ಮುನ್ನ ಒಳಗೆ ಸಿಬ್ಬಂದಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

ಸಹಿ/-
ಶಾದ್ಲಿ ಬಿನ್ ಅಮೋರ್
ಸ್ಥಳ ಪರಿಶೀಲನಾ ಅಧಿಕಾರಿ
(ಎಣ್ಣೆಯ ಕಲೆಗಳಿಗೆ ಕ್ಷಮೆಯಿರಲಿ)

ಪ್ರತಿಗಳು:
1. ಶ್ರೀಮತಿ ಮನ್ನೂಬಿಯಾ ಅವರಿಗೆ. ಓದಿ ಹೇಳುವಾಗ ಅಧಿಕಾರಿಯು ಕೈಗೆಟುಕದಷ್ಟು ದೂರ ನಿಲ್ಲುವುದು.
2. ಮದುಮಗಳಿಗೆ, ವಿಭಾಗದ ಶುಭಾಶಯಗಳೊಂದಿಗೆ.
3. ನಾಲ್ಕು ದೇಶಗಳಿಗೆ, ಮಾಹಿತಿಗಾಗಿ.
4. ಸದರಿ ಸಿಪಾಯಿಗೆ: ಹೆಸರು, ದೇಶ, ವಿಳಾಸ ತಿಳಿದ ಕೂಡಲೇ ಕಳುಹಿಸತಕ್ಕದ್ದು. ಅಲ್ಲಿಯವರೆಗೆ ಪ್ರತಿಯನ್ನು ಕಾದಿರಿಸಿದೆ.